ತಾಲೀಮಿನ ಮಣ್ಣಿಗೆ ಯಾರ ದುಡ್ಡು? ಕೊಲ್ಹಾಪುರದ ಆಟಗಳು ಮತ್ತು ಸರಕಾರದ ಕೈ

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಪುರುಷರ ಕಪ್ಪೂ ಮಹಿಳೆಯರ ಕಪ್ಪೂ ಭಾರತಕ್ಕೇ ಬಂತು. ಗೆದ್ದ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ರಾಜ್ಯ ಸರಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ "ಈ ಹಣ ಬೇಡ" ಅಂದುಬಿಟ್ಟರು. ಕಾರಣ ಸರಳ. ಅದೇ ತಂಡದಲ್ಲಿ, ಅದೇ ಮೈದಾನದಲ್ಲಿ ಆಡಿದ ಮಹಾರಾಷ್ಟ್ರದ ಆಟಗಾರರಿಗೆ ಅಲ್ಲಿನ ಸರಕಾರ ತಲಾ 2.25 ಕೋಟಿ ರೂಪಾಯಿ ಘೋಷಿಸಿತ್ತು. ಜೊತೆಗೆ ಸರಕಾರಿ ಕೆಲಸದ ಮಾತೂ ಇತ್ತು.

ಆ ಸುದ್ದಿ ಓದಿದ ಕರಾವಳಿಯ ಹುಡುಗರಿಗೆ ಮಹಾರಾಷ್ಟ್ರ ಎಂದರೆ ಆಟಗಾರರ ಸ್ವರ್ಗ ಅಂತ ಅನ್ನಿಸಿದ್ದರೆ ತಪ್ಪಿಲ್ಲ. ಆದರೆ ಗಡಿ ದಾಟಿ ಕೊಲ್ಹಾಪುರ ಜಿಲ್ಲೆಗೆ ಹೋದರೆ ಚಿತ್ರ ಅಷ್ಟು ಸರಳವಿಲ್ಲ. ಸಂಕೇಶ್ವರದಿಂದ ಕೂಗಳತೆಯಲ್ಲಿರುವ ಗಡಹಿಂಗ್ಲಜದಲ್ಲಿ ಫುಟ್‌ಬಾಲ್, ಮಗ್ಗದ ಊರು ಇಚಲಕರಂಜಿಯಲ್ಲಿ ಕಬಡ್ಡಿ ಮತ್ತು ಖೋಖೋ, ಕೊಲ್ಹಾಪುರ ಶಹರದಲ್ಲಿ ಕುಸ್ತಿಯೂ ಫುಟ್‌ಬಾಲೂ. ಒಂದೇ ಜಿಲ್ಲೆ, ನಾಲ್ಕು ಆಟ. ಇವುಗಳಲ್ಲಿ ಯಾವುದಕ್ಕೆ ಸರಕಾರದ ದುಡ್ಡು ಬರುತ್ತದೆ, ಯಾವುದಕ್ಕೆ ರಾಜಕಾರಣಿಯ ದುಡ್ಡು, ಯಾವುದಕ್ಕೆ ಊರವರ ವಂತಿಗೆ? ಬಡವರ ಮನೆಯ ಹುಡುಗ ಯಾವ ಆಟ ಆರಿಸಿಕೊಂಡರೆ ಮುಂದೆ ಹೊಟ್ಟೆಪಾಡು ನಡೆಯುತ್ತದೆ ಅನ್ನುವುದು ಇದರ ಮೇಲೆಯೇ ನಿಂತಿದೆ.

ಮಹಾರಾಜರು ಕೊಟ್ಟ ಖುರಾಕು

ಕೊಲ್ಹಾಪುರದ ಓಣಿಗಳಲ್ಲಿ ಹಳೆಯ ಕಟ್ಟಡಗಳ ಮೇಲೆ 'ತಾಲೀಮ್' ಎಂಬ ಫಲಕ ಕಾಣುತ್ತದೆ. ಅರಬಿಯಲ್ಲಿ ತಾಲೀಮ್ ಅಂದರೆ ಕಲಿಕೆ. ಮಂಗಳೂರು ಕಡೆ ತಾಲೀಮು ಅಂದರೆ ದೊಣ್ಣೆವರಸೆಯ ತಂಡ ನೆನಪಾಗುತ್ತದೆ. ಕೊಲ್ಹಾಪುರದಲ್ಲಿ ಅದು ಗರಡಿ ಮನೆ, ಅದರ ಜೊತೆಗೆ ಆ ಓಣಿಯ ಹುಡುಗರ ಅಡ್ಡೆಯೂ ಹೌದು. ಗಣೇಶೋತ್ಸವ ನಡೆಸುವ ತಾಲೀಮುಗಳೇ ಮೊಹರ್ರಂನಲ್ಲಿ ಪಂಜಾ ಕೂರಿಸುವುದೂ ಇದೆ. ಬಾಬೂಜಮಾಲ್ ತಾಲೀಮಿನ ಹೆಸರೇ ಅಲ್ಲಿನ ದರ್ಗಾದಿಂದ ಬಂದದ್ದು.

ಈ ತಾಲೀಮುಗಳಿಗೆ ಜೀವ ತುಂಬಿದವರು ರಾಜರ್ಷಿ ಶಾಹು ಮಹಾರಾಜ್. 1894ರಲ್ಲಿ ಅಧಿಕಾರ ವಹಿಸಿಕೊಂಡ ಅವರು 1902ರಲ್ಲಿ ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ಶೇ.50 ಮೀಸಲಾತಿ ಕೊಟ್ಟವರು. 1906ರಲ್ಲಿ ಮುಸ್ಲಿಂ ವಿದ್ಯಾರ್ಥಿಗಳಿಗಾಗಿ ಕೊಲ್ಹಾಪುರದಲ್ಲಿ ಬೋರ್ಡಿಂಗ್ ಆರಂಭವಾದದ್ದೂ ಅವರ ಆಸರೆಯಲ್ಲೇ. ಯುರೋಪ್ ಪ್ರವಾಸದಲ್ಲಿ ರೋಮ್‌ನ ಕೊಲೋಸಿಯಂ ನೋಡಿ ಬಂದಿದ್ದ ಮಹಾರಾಜರು ಅದೇ ಮಾದರಿಯಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. ಎಲ್ಲಿ ಕೂತರೂ ನಡುವಿನ ಮಣ್ಣಿನ ಅಖಾಡ ಕಾಣುವಂಥ ಇಳಿಜಾರು, ಸಾವಿರಾರು ಜನಕ್ಕೆ ಜಾಗ. 1912ರಲ್ಲಿ ಅದರ ಆರಂಭದ ಕುಸ್ತಿ ನಡೆದದ್ದು ಇಮಾಮ್ ಬಕ್ಷ್ ಮತ್ತು ಗುಲಾಮ್ ಮೊಹಿದ್ದೀನ್ ನಡುವೆ. ಇಮಾಮ್ ಬಕ್ಷ್ ಅಂದರೆ ಗಾಮಾ ಪೈಲ್ವಾನರ ತಮ್ಮ.

ಮೈದಾನ ಕಟ್ಟಿಸಿದ್ದು ದೊಡ್ಡ ವಿಷಯವೇ, ಆದರೆ ಪೈಲ್ವಾನರ ಪಾಲಿಗೆ ಅದಕ್ಕಿಂತ ದೊಡ್ಡದು ಖುರಾಕು. ಹಾಲು, ತುಪ್ಪ, ಬಾದಾಮಿ, ಮಾಂಸ. ದಿನಾ ನೂರಾರು ಬಸ್ಕಿ ಹೊಡೆಯುವ ಹುಡುಗನಿಗೆ ಇಷ್ಟು ಬೇಕೇ ಬೇಕು. ರೈತನ ಮನೆಯಲ್ಲಿ ಇದು ಆಗುವ ಮಾತಲ್ಲ. ಸಂಸ್ಥಾನದ ಖಜಾನೆಯಿಂದ ಖುರಾಕು ಸಿಗುತ್ತಿದ್ದದ್ದರಿಂದಲೇ ಎಲ್ಲೆಲ್ಲಿಂದಲೋ ಪೈಲ್ವಾನರು ಕೊಲ್ಹಾಪುರಕ್ಕೆ ಬಂದರು. ಆ ಹೆಸರು ಸಂಸ್ಥಾನ ಹೋದ ಮೇಲೂ ಉಳಿಯಿತು. 1959ರಲ್ಲಿ ಮೊದಲ ಹಿಂದ್ ಕೇಸರಿ ಪಟ್ಟ ಗೆದ್ದ ಶ್ರೀಪತಿ ಖಂಚನಾಳೆ ನಮ್ಮ ಬೆಳಗಾವಿ ಜಿಲ್ಲೆಯ ಎಕ್ಸಂಬಾದವರು. ಪಳಗಿದ್ದು ಮಾತ್ರ ಕೊಲ್ಹಾಪುರದ ಶಾಹುಪುರಿ ತಾಲೀಮಿನಲ್ಲಿ.

ಸರಕಾರ ಕೊಡದ ನಾಲ್ಕು ಸಾವಿರ

ರಾಜಾಶ್ರಯ ಹೋಗಿ ಪ್ರಜಾ ಸರಕಾರ ಬಂದಾಗ ಏನಾಯಿತು ಅನ್ನುವುದಕ್ಕೆ ಖಾಶಾಬಾ ಜಾಧವ್ ಅವರ ಕತೆಗಿಂತ ಒಳ್ಳೆಯ ಸಾಕ್ಷಿ ಬೇಡ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿ. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಖರ್ಚು ನೋಡಿಕೊಂಡದ್ದು ಕೊಲ್ಹಾಪುರದ ಮಹಾರಾಜರು. ಅಲ್ಲಿ ಆರನೇ ಸ್ಥಾನ ಬಂತು. 1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1952ರಲ್ಲಿ ಹೆಲ್ಸಿಂಕಿಗೆ ಹೊರಡುವ ಹೊತ್ತಿಗೆ ಕೇಳಲು ಮಹಾರಾಜರಿರಲಿಲ್ಲ, ಸರಕಾರ ಇತ್ತು. ಮುಂಬಯಿ ಸರಕಾರದ ಮುಖ್ಯಸ್ಥರಾಗಿದ್ದ ಮೊರಾರ್ಜಿ ದೇಸಾಯಿ ಅವರಲ್ಲಿ 4,000 ರೂಪಾಯಿ ನೆರವು ಕೇಳಿದರೆ, ಕ್ರೀಡಾಕೂಟ ಮುಗಿದ ಮೇಲೆ ಬನ್ನಿ ಎಂಬರ್ಥದ ಉತ್ತರ ಬಂತು! ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಉಳಿದದ್ದನ್ನು ಊರವರು ಸೇರಿಸಿದರು.

ಖಾಶಾಬಾ ಕಂಚು ತಂದರು. ಅದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ಸ್ ಪದಕ. ಬಂದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕುಸ್ತಿ ಪಂದ್ಯಗಳನ್ನು ಇಟ್ಟು ಹಣ ಕೂಡಿಸಿ ಪ್ರಾಂಶುಪಾಲರ ಸಾಲ ತೀರಿಸಿದ್ದು. 1955ರಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಸತ್ತ ಎಷ್ಟೋ ವರ್ಷಗಳ ಮೇಲೆ.

ಆಗಿನಿಂದ ಈಗಿನವರೆಗೆ ಸರಕಾರಗಳ ರೀತಿಯಲ್ಲಿ ಒಂದು ಸಂಗತಿ ಮಾತ್ರ ಬದಲಾಗಿಲ್ಲ. ಗೆದ್ದು ಬಂದವನಿಗೆ ಹಾರ, ಗೆಲ್ಲುವ ಮೊದಲು ಓಡಾಟ.

ಒಂದು ಕಪ್ಪಿಗೆ ಹನ್ನೊಂದು ಕೋಟಿ, ಒಂದು ಕಂಚಿಗೆ ಎರಡು

2024ರ ಆಗಸ್ಟ್ 1ರಂದು ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು ಗೆದ್ದರು. ಊರು ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿ. ಖಾಶಾಬಾ ನಂತರ ಮಹಾರಾಷ್ಟ್ರಕ್ಕೆ ವೈಯಕ್ತಿಕ ಒಲಿಂಪಿಕ್ಸ್ ಪದಕ ಬಂದದ್ದು ಆಗಲೇ, 72 ವರ್ಷಕ್ಕೆ. ಸರಕಾರ ಮೊದಲು 1 ಕೋಟಿ ಘೋಷಿಸಿತು, ನಂತರ ಅದು 2 ಕೋಟಿ ಆಯಿತು.

ಇದಕ್ಕೆ ಒಂದು ತಿಂಗಳು ಮೊದಲು, ಜುಲೈನಲ್ಲಿ, ಟಿ20 ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡಕ್ಕೆ ಅಂದಿನ ಮುಖ್ಯಮಂತ್ರಿ ಏಕನಾಥ್ ಶಿಂಧೆ ವಿಧಾನ ಭವನದಲ್ಲಿ 11 ಕೋಟಿ ರೂಪಾಯಿ ಘೋಷಿಸಿದ್ದರು. ಅದೇ ತಂಡಕ್ಕೆ ಬಿಸಿಸಿಐ ಆಗಲೇ 125 ಕೋಟಿ ಘೋಷಿಸಿಯಾಗಿತ್ತು. ಇದ್ದವರಿಗೇ ಇನ್ನಷ್ಟು ಯಾಕೆ ಅಂತ ವಿರೋಧ ಪಕ್ಷದವರು ಕೇಳಿದರು. ಅಕ್ಟೋಬರ್‌ನಲ್ಲಿ ಸ್ವಪ್ನಿಲ್ ತಂದೆಯೇ ಬಹಿರಂಗವಾಗಿ ಬೇಸರ ತೋಡಿಕೊಂಡರು. ಹರಿಯಾಣ ತನ್ನ ಆಟಗಾರರಿಗೆ ಕೊಡುವುದನ್ನು ನೋಡಿ, ಇಲ್ಲಿ 5 ಕೋಟಿಯಾದರೂ ಕೊಡಬೇಡವೇ, ಬಾಲೇವಾಡಿ ಕ್ರೀಡಾ ಸಂಕುಲದ ಹತ್ತಿರ ಒಂದು ಫ್ಲಾಟ್ ಬೇಡವೇ ಎಂಬುದು ಅವರ ಮಾತಿನ ಸಾರ.

ತಂದೆಯ ಸಂಕಟ ನ್ಯಾಯದ್ದೇ. ಆದರೆ ಈ ಜಗಳದಲ್ಲಿ ಒಂದು ಮುಖ್ಯ ಸಂಗತಿ ಮರೆಗೆ ಸರಿಯಿತು. ಸ್ವಪ್ನಿಲ್ ಹಳ್ಳಿಯಿಂದ ಪ್ಯಾರಿಸ್‌ಗೆ ಹೋದದ್ದು ಬಹುಮಾನದ ಹಣದಿಂದ ಅಲ್ಲ. ಎಳೆಯ ವಯಸ್ಸಿನಲ್ಲೇ ಅವರು ರಾಜ್ಯ ಸರಕಾರದ ಕ್ರೀಡಾ ಪ್ರಬೋಧಿನಿ ಸೇರಿದ್ದರು. ಮಕ್ಕಳನ್ನು ಆರಿಸಿ, ಊಟ, ವಸತಿ, ಶಾಲೆ, ಕೋಚ್ ಎಲ್ಲವನ್ನೂ ಸರಕಾರವೇ ನೋಡಿಕೊಳ್ಳುವ ವ್ಯವಸ್ಥೆ ಅದು. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ದೇಶಕ್ಕೆ ಆಡಿದ ಕೊಲ್ಹಾಪುರದ ಅನಿಕೇತ್ ಜಾಧವ್ ಕೂಡ ಪ್ರಬೋಧಿನಿಯಲ್ಲೇ ಬೆಳೆದವರು. ಮುಂದೆ ಸ್ವಪ್ನಿಲ್‌ಗೆ ರೈಲ್ವೆಯಲ್ಲಿ ಟಿಕೆಟ್ ಪರಿವೀಕ್ಷಕನ ಕೆಲಸ ಸಿಕ್ಕಿತು, ಸಂಬಳ ಬಂತು. ಹಳೆಯ ಕಾಲದ ಖುರಾಕಿನ ಜಾಗದಲ್ಲಿ ಈಗ ನಿಂತಿರುವುದು ಇವೆರಡು. ಚಪ್ಪಾಳೆ ಬೀಳುವ ಚೆಕ್ಕಿಗಿಂತ, ಯಾರೂ ಫೋಟೊ ತೆಗೆಯದ ಈ ಖರ್ಚೇ ಹೆಚ್ಚು ಕೆಲಸ ಮಾಡಿದೆ.

ಶೂಟಿಂಗ್ ದುಬಾರಿ ಆಟ. ರೈಫಲ್ ಬೇಕು, ಜಾಕೆಟ್ ಬೇಕು, ದಿನಾ ಸುಡುವ ಗುಂಡಿಗೇ ದುಡ್ಡು ಬೇಕು. ಆದರೂ 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್, 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳಾ ಶೂಟರ್ ರಾಹಿ ಸರ್ನೋಬತ್, ಇಬ್ಬರೂ ಇದೇ ಕೊಲ್ಹಾಪುರದ ಹೆಣ್ಣುಮಕ್ಕಳು.

ಚಷಕಕ್ಕೆ ನಾಯಕರ ಹೆಸರು

ಫುಟ್‌ಬಾಲಿನ ಕತೆ ಬೇರೆ. ಶಾಹು ಸ್ಟೇಡಿಯಂನಲ್ಲಿ ಪಾಟಾಕಡೀಲ್ ತಾಲೀಮ್, ಖಂಡೋಬಾ ತಾಲೀಮ್, ದಿಲಬಹಾರ್ ತಾಲೀಮ್, ಬಾಲಗೋಪಾಲ್ ತಾಲೀಮ್, ಶಿವಾಜಿ ತರುಣ ಮಂಡಳ, ಪ್ರಾಕ್ಟೀಸ್ ಕ್ಲಬ್ ಆಡುತ್ತವೆ. ಕುಸ್ತಿಯ ತಾಲೀಮಿನ ಹೆಸರಲ್ಲೇ ಫುಟ್‌ಬಾಲ್ ತಂಡ. ಫೈನಲ್ ಇದ್ದರೆ ಗ್ಯಾಲರಿ ತುಂಬಿ ತುಳುಕುತ್ತದೆ, ಓಣಿ ಓಣಿಗಳ ನಡುವೆ ಹೊಡೆದಾಟವೂ ಆಗುತ್ತದೆ. ಲೀಗ್ ನಡೆಸುವುದು ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಶನ್. ಅದರ ಬೆನ್ನಿಗೆ ಇಂದಿಗೂ ಛತ್ರಪತಿ ಮನೆತನವಿದೆ. ಆ ಮನೆತನದ ಶಾಹು ಛತ್ರಪತಿ 2024ರಲ್ಲಿ ಕಾಂಗ್ರೆಸ್‌ನಿಂದ ಸಂಸದರೂ ಆದರು.

ಲೀಗ್ ಬಿಟ್ಟರೆ ಉಳಿದ ಟೂರ್ನಿಗಳ ಹೆಸರುಗಳನ್ನೇ ನೋಡಿ. ಕಾಂಗ್ರೆಸ್‌ನ ಸತೇಜ್ ಪಾಟೀಲರ ಹೆಸರಲ್ಲಿ ಸತೇಜ್ ಚಷಕ್. ಶಿವಸೇನೆಯ ರಾಜೇಶ್ ಕ್ಷೀರಸಾಗರ್ ಹೆಸರಲ್ಲಿ ರಾಜೇಶ್ ಚಷಕ್. ವಾಜಪೇಯಿ ಹೆಸರಲ್ಲಿ ಅಟಲ್ ಚಷಕ್. 2019ರಲ್ಲಿ ಕೊಲ್ಹಾಪುರ ಉತ್ತರದ ಶಾಸಕರಾದ ದಿವಂಗತ ಚಂದ್ರಕಾಂತ್ ಜಾಧವ್ ಸ್ವತಃ ಹಳೆಯ ಫುಟ್‌ಬಾಲ್ ಆಟಗಾರ. ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಿಯ ಬ್ಯಾನರ್‌ನಲ್ಲಿ ಆಟಗಾರರಿಗಿಂತ ದೊಡ್ಡದಾಗಿ ಅತಿಥಿಗಳ ಮುಖ ನೋಡಿ ಅಭ್ಯಾಸವಿರುವ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಟೂರ್ನಿಗೆ ಬಹುಮಾನ ಕೊಟ್ಟರೆ ಹತ್ತು ಓಣಿಯ ಹುಡುಗರು ಸಿಗುತ್ತಾರೆ, ಚುನಾವಣೆಗೆ ಅದು ಸಾಕು.

ಇದರಿಂದ ಫುಟ್‌ಬಾಲ್ ಬದುಕಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಚಷಕದ ಹಣ ಹುಡುಗನಿಗೆ ಒಂದು ಸಂಜೆಯ ಹೆಸರು ಕೊಡುತ್ತದೆಯೇ ಹೊರತು ಕೆಲಸ ಕೊಡುವುದಿಲ್ಲ. ಮಹಾರಾಷ್ಟ್ರದಲ್ಲಿ ಸರಕಾರಿ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಶೇ.5 ಮೀಸಲಾತಿ ಇದೆ. ಹತ್ತನೇ, ಹನ್ನೆರಡನೇ ತರಗತಿಯಲ್ಲಿ ಕ್ರೀಡಾ ಅಂಕಗಳೂ ಸಿಗುತ್ತವೆ. ಇವು ಸಿಗಬೇಕಾದರೆ ಮಾನ್ಯತೆ ಪಡೆದ ಸಂಸ್ಥೆಯ ಅಧಿಕೃತ ಕೂಟದ ಪ್ರಮಾಣಪತ್ರ ಬೇಕು. ಸಾವಿರಾರು ಜನರ ಮುಂದೆ ಎರಡು ಗೋಲು ಹೊಡೆದ ಹುಡುಗನ ಕೈಯಲ್ಲಿ ಅಂಥ ಕಾಗದವಿಲ್ಲ. ಖಾಲಿ ಸ್ಟೇಡಿಯಂನಲ್ಲಿ ಯಾರೂ ಕೇಳದ ಆಟ ಆಡಿ ರಾಜ್ಯಮಟ್ಟದ ಪದಕ ತಂದವನ ಕೈಯಲ್ಲಿ ಇರುತ್ತದೆ. ಈ ಕಾಗದಕ್ಕೆ ಎಷ್ಟು ಬೆಲೆ ಅಂದರೆ, ನಕಲಿ ಕ್ರೀಡಾ ಪ್ರಮಾಣಪತ್ರ ಮಾಡಿಸಿ ಕೆಲಸ ಗಿಟ್ಟಿಸಿದ ಹಗರಣವೂ ಆ ರಾಜ್ಯದಲ್ಲಿ ಬಯಲಾಗಿದೆ.

2022ರ ಆಗಸ್ಟ್‌ನಲ್ಲಿ ಶಿಂಧೆ ಸರಕಾರ ದಹಿಹಂಡಿಯನ್ನು, ಅಂದರೆ ಮೊಸರುಕುಡಿಕೆಯನ್ನು, ಸಾಹಸ ಕ್ರೀಡೆ ಎಂದು ಘೋಷಿಸಿ ಗೋವಿಂದರಿಗೂ ಆ ಶೇ.5ರ ಸೌಲಭ್ಯ ಎಂದಾಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಯುವಕರು ಸಿಟ್ಟಾದದ್ದು ಇದಕ್ಕೇ. ಯಾವುದು ಕ್ರೀಡೆ, ಯಾವುದು ಅಲ್ಲ ಅನ್ನುವ ಪಟ್ಟಿ ಮಾಡುವ ಪೆನ್ನು ಸರಕಾರದ ಕೈಯಲ್ಲಿದೆ. ಆ ಪೆನ್ನು ಒಂದು ಸಾಲು ಸೇರಿಸಿದರೆ ಒಂದಷ್ಟು ಮನೆಗಳಲ್ಲಿ ಒಲೆ ಉರಿಯುತ್ತದೆ, ಇನ್ನೊಂದಷ್ಟು ಮನೆಗಳ ಪಾಲು ಕಡಿಮೆಯಾಗುತ್ತದೆ.

ಐರ್ಲೆಂಡಿನಲ್ಲೂ ಇದೇ ಹಾಡು

ಇದೆಲ್ಲ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಕಾಗಿಲ್ಲ. ಕೊಲ್ಹಾಪುರದಲ್ಲಿ ಕುಸ್ತಿ 'ನಮ್ಮ ಮಣ್ಣಿನದು', ಕ್ರಿಕೆಟ್ 'ಸಾಹೇಬರದು' ಅನ್ನುವಂತೆ, ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್ ದೇಶದ ಆಟ, ಸಾಕರ್ ಮತ್ತು ರಗ್ಬಿ ಇಂಗ್ಲಿಷರ ಆಟ ಎಂಬ ಭಾವನೆ ಬಹುಕಾಲ ಇತ್ತು. 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಶನ್ ತನ್ನ ದೊಡ್ಡ ಮೈದಾನ ಕ್ರೋಕ್ ಪಾರ್ಕ್‌ನಲ್ಲಿ ಆ ಆಟಗಳಿಗೆ ಜಾಗವನ್ನೇ ಕೊಡುತ್ತಿರಲಿಲ್ಲ. 2001ರಲ್ಲಿ ಈ ನಿಯಮ ತೆಗೆಯಬೇಕೇ ಬೇಡವೇ ಅಂತ ಸಂಸ್ಥೆಯೊಳಗೆ ಮತದಾನ ಇತ್ತು. ಅದರ ಹಿಂದಿನ ರಾತ್ರಿ ಸರಕಾರ ಆ ಸಂಸ್ಥೆಗೆ 6 ಕೋಟಿ ಪೌಂಡ್ ಘೋಷಿಸಿತು. ಪ್ರಧಾನಿ ಬರ್ಟಿ ಅಹರ್ನ್ ಆಗ ಬೇರೆಯದೇ ರಾಷ್ಟ್ರೀಯ ಸ್ಟೇಡಿಯಂ ಕಟ್ಟುವ ಆಸೆಯಲ್ಲಿದ್ದರು. ಕ್ರೋಕ್ ಪಾರ್ಕ್ ಎಲ್ಲರಿಗೂ ತೆರೆದರೆ ಹೊಸದು ಯಾರಿಗೆ ಬೇಕು? ನಿಯಮ ತೆಗೆಯುವ ಗೊತ್ತುವಳಿ ಒಂದೇ ಒಂದು ಮತದಿಂದ ಬಿದ್ದುಹೋಯಿತು. 2005ರಲ್ಲಿ ನಿಯಮ ಸಡಿಲವಾಗಿ, 2007ರಲ್ಲಿ ಅಲ್ಲಿ ರಗ್ಬಿಯೂ ಸಾಕರೂ ನಡೆದವು. ಅದೇ ದೇಶದಲ್ಲಿ ಕುದುರೆ ಮತ್ತು ನಾಯಿ ಓಟಕ್ಕೆಂದೇ ಕಾನೂನಿನಲ್ಲಿ ಪ್ರತ್ಯೇಕ ನಿಧಿ ಇದೆ. 2024ರಲ್ಲಿ ಅದು 9.5 ಕೋಟಿ ಯೂರೊ, ಶೇ.80 ಕುದುರೆಗೆ, ಶೇ.20 ನಾಯಿಗೆ. ನಾಯಿ ಓಟಕ್ಕೆ ಯಾಕೆ ಜನರ ದುಡ್ಡು ಅಂತ ಸಂಸತ್ತಿನಲ್ಲಿ ಜಗಳ ನಡೆಯುತ್ತಲೇ ಇರುತ್ತದೆ.

ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸ. ಯಾವ ಆಟಕ್ಕೆ ಎಷ್ಟು ಅನ್ನುವುದು ಅಲ್ಲಿ ಲೆಕ್ಕದ ಪುಸ್ತಕದಲ್ಲಿ ಎದುರಿಗಿದೆ, ಜಗಳ ಆ ಅಂಕಿಯ ಮೇಲೆ. ಇಲ್ಲಿ ಹಣ ಹಲವು ಜೇಬುಗಳಿಂದ ಬರುತ್ತದೆ: ಕ್ರೀಡಾ ಇಲಾಖೆ, ಉಸ್ತುವಾರಿ ಸಚಿವರ ಅಧ್ಯಕ್ಷತೆಯ ಜಿಲ್ಲಾ ಯೋಜನಾ ಸಮಿತಿ, ಶಾಸಕರ ನಿಧಿ, ನಗರಪಾಲಿಕೆ. ವ್ಯಾಯಾಮಶಾಲೆಯ ಅನುದಾನ ಯಾವ ಮಂಡಳಿಗೆ ಸಿಕ್ಕಿತು, ಓಪನ್ ಜಿಮ್ ಯಾವ ವಾರ್ಡಿಗೆ ಬಂತು ಅನ್ನುವುದು ನಾಯಕರ ಹತ್ತಿರ ಯಾರು ಓಡಾಡಿದರು ಅನ್ನುವುದರ ಮೇಲೆ ತೀರ್ಮಾನವಾದರೆ ಅಚ್ಚರಿಯಿಲ್ಲ. ಕಟ್ಟಡಕ್ಕೆ ಹಣ ಇಲ್ಲ ಅಂತ ಹೇಳುವಂತಿಲ್ಲ. 2022ರಲ್ಲಿ ಮಹಾರಾಷ್ಟ್ರ ಸಂಪುಟ ತಾಲೂಕು ಕ್ರೀಡಾ ಸಂಕುಲದ ಅನುದಾನವನ್ನು 1 ಕೋಟಿಯಿಂದ 5 ಕೋಟಿಗೆ, ಜಿಲ್ಲೆಯದನ್ನು 8ರಿಂದ 25 ಕೋಟಿಗೆ, ವಿಭಾಗದ್ದನ್ನು 24ರಿಂದ 50 ಕೋಟಿಗೆ ಏರಿಸಿತು. ಆದರೆ ಕೊಲ್ಹಾಪುರದ ವಿಭಾಗೀಯ ಕ್ರೀಡಾ ಸಂಕುಲವೇ ವರ್ಷಗಟ್ಟಲೆ ಅರೆಬರೆಯಾಗಿ ನಿಂತಿದ್ದನ್ನು ಊರೇ ನೋಡಿದೆ. ಗೋಡೆ ಕಟ್ಟಿದರೆ ಉದ್ಘಾಟನೆ ಸಿಗುತ್ತದೆ. ಕೋಚ್‌ಗೆ ತಿಂಗಳು ತಿಂಗಳು ಸಂಬಳ ಕೊಟ್ಟರೆ ಯಾವ ರಿಬ್ಬನ್ನೂ ಕತ್ತರಿಸಲು ಸಿಗುವುದಿಲ್ಲ.

ಒಂದೇ ವರ್ಷ ಇಬ್ಬರು ಕೇಸರಿಗಳು

ಈಗ ಮತ್ತೆ ಕುಸ್ತಿಗೆ ಬರೋಣ. 1961ರಿಂದ ನಡೆಯುತ್ತಿರುವ ಮಹಾರಾಷ್ಟ್ರ ಕೇಸರಿ ಅಲ್ಲಿನ ಪೈಲ್ವಾನರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಗದೆ. ಅದನ್ನು ನಡೆಸುತ್ತಿದ್ದ ಕುಸ್ತಿ ಪರಿಷತ್ತಿನ ಅಧ್ಯಕ್ಷರು ಬಹುಕಾಲ ಶರದ್ ಪವಾರ್. 2022ರಲ್ಲಿ ರಾಷ್ಟ್ರೀಯ ಒಕ್ಕೂಟ ಆ ಪರಿಷತ್ತನ್ನು ವಿಸರ್ಜಿಸಿತು. ಆಗ ಬಿಜೆಪಿ ಸಂಸದರಾಗಿದ್ದ ರಾಮದಾಸ್ ತಡಸ್ ನೇತೃತ್ವದಲ್ಲಿ ಇನ್ನೊಂದು ಸಂಘ ಎದ್ದಿತು. ಪರಿಣಾಮ, 2023ರ ನವೆಂಬರ್‌ನಲ್ಲಿ ಒಂದೇ ತಿಂಗಳಲ್ಲಿ ಎರಡು ಮಹಾರಾಷ್ಟ್ರ ಕೇಸರಿ! ಪುಣೆ ಬಳಿಯ ಫುಲಗಾಂವ್‌ನಲ್ಲಿ ಸಿಕಂದರ್ ಶೇಖ್ ಗೆದ್ದರು, ಧಾರಾಶಿವ್‌ನಲ್ಲಿ ಶಿವರಾಜ್ ರಾಕ್ಷೆ. ಸಿಕಂದರ್ ಸೋಲಾಪುರ ಜಿಲ್ಲೆಯ ಮೋಹೋಳದವರು, ಹಮಾಲಿ ಮಾಡಿ ಬದುಕಿದ ಮನೆಯವರು. ಪಳಗಿದ್ದು ಕೊಲ್ಹಾಪುರದ ಗಂಗಾವೇಶ್ ತಾಲೀಮಿನಲ್ಲಿ. ಫುಲಗಾಂವ್ ಫೈನಲ್‌ನಲ್ಲಿ ಅವರು ಅದೇ ರಾಕ್ಷೆಯನ್ನು ಅರ್ಧ ನಿಮಿಷದೊಳಗೆ ಚಿತ್ ಮಾಡಿದ್ದರು. ಆದರೂ ಆ ವರ್ಷದ ಕೇಸರಿ ಯಾರು ಅಂದರೆ ಎರಡು ಉತ್ತರ. ನಾಯಕರ ಜಗಳದಲ್ಲಿ ಪೈಲ್ವಾನನ ಪಟ್ಟಕ್ಕೇ ಪಾಲು ಬಿತ್ತು.

ದುಡ್ಡು ಬರಲೇ ಇಲ್ಲ ಅಂತಲ್ಲ. 2023ರ ಆರಂಭದಲ್ಲಿ ಉಪಮುಖ್ಯಮಂತ್ರಿ ದೇವೇಂದ್ರ ಫಡ್ನವಿಸ್ ಪೈಲ್ವಾನರ ಮಾಸಿಕ ಗೌರವಧನವನ್ನು ಸುಮಾರು ಮೂರು ಪಟ್ಟು ಏರಿಸುವುದಾಗಿ ಪುಣೆಯ ಕುಸ್ತಿ ಅಖಾಡದಲ್ಲೇ ಘೋಷಿಸಿದರು. ಆದರೆ ಅದೂ ಗದೆ ಗೆದ್ದವರಿಗೆ, ದೇಶಕ್ಕೆ ಆಡಿದವರಿಗೆ, ವಯಸ್ಸಾದವರಿಗೆ. ತಾಲೀಮಿನಲ್ಲಿ ಖೋಲಿ ಹಿಡಿದು, ತಾನೇ ಅಡುಗೆ ಮಾಡಿಕೊಂಡು, ಊರಿಂದ ಬರುವ ದುಡ್ಡಿನಲ್ಲಿ ಹಾಲು ಬಾದಾಮಿ ಹೊಂದಿಸುವ ಹದಿನಾರರ ಹುಡುಗನಿಗಲ್ಲ. ಒಲಿಂಪಿಕ್ಸ್ ಕುಸ್ತಿ ಮ್ಯಾಟ್ ಮೇಲೆ, ಜಾತ್ರೆಯ ಕುಸ್ತಿ ಮಣ್ಣಿನ ಮೇಲೆ. ಜಾತ್ರೆ ಕುಸ್ತಿಯಲ್ಲಿ ಕೈಗೆ ಕಾಸು ಸಿಗುತ್ತದೆ, ಮ್ಯಾಟ್ ಕುಸ್ತಿಯಲ್ಲಿ ಪ್ರಮಾಣಪತ್ರ ಸಿಗುತ್ತದೆ. ಎರಡರ ನಡುವೆ ಹುಡುಗ ತೂಗುತ್ತಾನೆ.

ಕ್ರಿಕೆಟ್‌ಗೆ ಸರಕಾರದ ಹಂಗೇ ಇಲ್ಲ. 2023ರಲ್ಲಿ ಆರಂಭವಾದ ಮಹಾರಾಷ್ಟ್ರ ಪ್ರೀಮಿಯರ್ ಲೀಗ್‌ನಲ್ಲಿ ಕೊಲ್ಹಾಪುರ್ ಟಸ್ಕರ್ಸ್ ತಂಡವನ್ನು ಪುಣೆಯ ಉದ್ಯಮಿಯೊಬ್ಬರು 11 ಕೋಟಿಗೆ ಕೊಂಡರು. ಅಲ್ಲೂ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಅದೇ ವರ್ಷ ಬಂದವರು ಶಾಸಕ ರೋಹಿತ್ ಪವಾರ್. ಆಟ ಯಾವುದೇ ಇರಲಿ, ಕುರ್ಚಿ ಯಾರದು ಅನ್ನುವುದರಲ್ಲಿ ವ್ಯತ್ಯಾಸ ಕಡಿಮೆ.

ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಪಾಳಿ ಮುಗಿಸಿ ಬರುವ ಮನೆಗಳ ಮಕ್ಕಳಿಗೆ ಕಬಡ್ಡಿ, ಖೋಖೋ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಶೂ ಇಲ್ಲದಿದ್ದರೂ ನಡೆಯುತ್ತದೆ, ಮೈದಾನವೊಂದಿದ್ದರೆ ಸಾಕು. ಊರು 2022ರಲ್ಲಿ ಮಹಾನಗರಪಾಲಿಕೆ ಆಯಿತು. ಖೋಖೋಗೆ 2.25 ಕೋಟಿ ಬಹುಮಾನ ಬಂದ ಮೇಲೆ ಅಂಥ ಮೈದಾನಗಳಿಗೆ ಮಕ್ಕಳನ್ನು ಕಳುಹಿಸುವ ಅಪ್ಪ ಅಮ್ಮಂದಿರ ಲೆಕ್ಕಾಚಾರವೂ ಬದಲಾಗದೇ ಇರದು.

ಗಡಹಿಂಗ್ಲಜದಲ್ಲಿ ಮಾತ್ರ ಲೆಕ್ಕಾಚಾರಕ್ಕಿಂತ ಹುಚ್ಚೇ ಹೆಚ್ಚು. 2011ರ ಜನಗಣತಿಯಲ್ಲಿ ಮೂವತ್ತು ಸಾವಿರ ಜನರೂ ಇಲ್ಲದ, ಮರಾಠಿ ಕನ್ನಡ ಎರಡೂ ಕೇಳಿಸುವ ಊರು. ಕಾಗಲ್ ಕ್ಷೇತ್ರದಿಂದ 1999ರಿಂದ ಗೆಲ್ಲುತ್ತಾ ಬಂದಿರುವ, ಹಲವು ಬಾರಿ ಸಚಿವರಾದ ಹಸನ್ ಮುಶ್ರಿಫ್ ಅವರ ಮತಕ್ಷೇತ್ರಕ್ಕೆ ಸೇರಿದ್ದು. ದೀಪಾವಳಿ ಹೊತ್ತಿಗೆ ಎಂ.ಆರ್. ಹೈಸ್ಕೂಲ್ ಮೈದಾನದಲ್ಲಿ ಅಖಿಲ ಭಾರತ ಮಟ್ಟದ ಫುಟ್‌ಬಾಲ್ ಟೂರ್ನಿ ನಡೆಯುತ್ತದೆ, ದೂರದ ರಾಜ್ಯಗಳಿಂದ ತಂಡಗಳು ಬರುತ್ತವೆ. ನಡೆಸುವುದು ಗಡಹಿಂಗ್ಲಜ್ ಯುನೈಟೆಡ್ ಫುಟ್‌ಬಾಲ್ ಅಸೋಸಿಯೇಶನ್ ಎಂಬ ಊರವರದೇ ಸಂಸ್ಥೆ.

ಇನ್ನು ನಮ್ಮ ಕಡೆಯ ಹುಡುಗರ ವಿಷಯ. ಕರ್ನಾಟಕದಲ್ಲಿ ಪೊಲೀಸ್ ನೇಮಕಾತಿಯಲ್ಲಿ ಶೇ.3, ಇತರ ಇಲಾಖೆಗಳಲ್ಲಿ ಶೇ.2 ಕ್ರೀಡಾ ಮೀಸಲಾತಿ ಎಂದು ಸರಕಾರ ಹೇಳಿದೆ. ಇಲ್ಲೂ ಕೇಳುವುದು ಅದೇ ಕಾಗದವನ್ನೇ. ಮಗ ಕಬಡ್ಡಿಯೋ ಫುಟ್‌ಬಾಲೋ ಚೆನ್ನಾಗಿ ಆಡುತ್ತಾನೆ ಅಂತ ಖುಷಿಪಡುವ ಮನೆಯವರು ಟ್ರೋಫಿಯ ಎತ್ತರ ನೋಡುವ ಮೊದಲು, ಆ ಕೂಟ ಮಾನ್ಯತೆ ಪಡೆದ ಜಿಲ್ಲಾ ಸಂಸ್ಥೆಯದ್ದೇ, ಪ್ರಮಾಣಪತ್ರದಲ್ಲಿ ಹೆಸರು, ಹುಟ್ಟಿದ ದಿನಾಂಕ ಸರಿ ಇದೆಯೇ ಅಂತ ನೋಡಿಕೊಂಡು ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಬೇಕು. ಶಾಲಾ ಶಿಕ್ಷಣ ಇಲಾಖೆಯ ಕೂಟಗಳು ತಾಲೂಕಿಗಿಂತ ಕೆಳಗಿನ ಹಂತದಿಂದಲೇ ಶುರುವಾಗುತ್ತವೆ. ಹೆಸರು ಕಳುಹಿಸುವುದು ಶಾಲೆಯ ದೈಹಿಕ ಶಿಕ್ಷಕರು.